ರಿಕವರಿ ಪ್ಲಾನ್‌ನಾಗ ಎಲ್ಲಾ ವಿಎಂ ಒಂದ ಗ್ರೂಪಿನ್ಯಾಗ ಅದಾವ, ಹ್ಯಾಂಗ ಬ್ಯಾರೆ ಮಾಡೂದು?

ವಿಜಾಪುರ_ಟು_ಹಿಂಜವಡಿ

ನಮಸ್ಕಾರ್ರಿ ಎಲ್ಲಾರಿಗೂ. ಪುಣೆ, ಮುಂಬೈ ಕಡೆ ಇರೂ ನಮ್ಮ ಮಂದಿ ಯಾರರೆ ಈ ಕೆಲಸಾ ಮಾಡಿದ್ರ ದಾರಿ ಹೇಳ್ರಿ.

ಚಾಕಣ ಕಡೆ ಬಿಡಿಭಾಗ ಮಾಡೂ ಕಾರ್ಖಾನಿಗಳ ಆರ್ಡರ್, ಡಿಸ್ಪ್ಯಾಚ್ ನೋಡಿಕೊಳ್ಳೂ ಸಾಫ್ಟ್‌ವೇರ್ ನಮ್ದು. ಮೂವತ್ತರ ಮ್ಯಾಲ ವಿಎಂ (ಸಾಫ್ಟ್‌ವೇರಿನ್ಯಾಗ ಓಡೂ ವರ್ಚುವಲ್ ಮಷಿನ್) ಅದಾವ, ಎಲ್ಲಾ ಮೈಕ್ರೋಸಾಫ್ಟಿನ ಅಜೂರ್ ಕ್ಲೌಡಿನ ಸೆಂಟ್ರಲ್ ಇಂಡಿಯಾದಾಗ, ಅಂದ್ರ ಇಲ್ಲೇ ಪುಣೆ ರೀಜನ್. ಅಲ್ಲಿಂದ ಸೌತ್ ಇಂಡಿಯಾಕ್ಕ, ಅಂದ್ರ ಚೆನ್ನೈಗೆ, ಸೈಟ್ ರಿಕವರಿ ಅನ್ನೂ ಅಜೂರ್ ಸೇವಾದ ಮ್ಯಾಲ ರೆಪ್ಲಿಕೇಶನ್, ಅಂದ್ರ ಡಿಸ್ಕಿನ ನಕಲು, ನಡದೈತಿ. ಅದರಾಗ ಏನೂ ತಕರಾರಿಲ್ಲ, ಎಲ್ಲಾ ಹಸಿರು.

ತಕರಾರು ರಿಕವರಿ ಪ್ಲಾನಿಂದು, ಅಂದ್ರ ಪುಣೆ ಬಿದ್ರ ಚೆನ್ನೈದಾಗ ಯಾವ ವಿಎಂ ಯಾವಾಗ ಏಳಬೇಕು ಅನ್ನೂ ಪಟ್ಟಿ. ಇದನ್ನ ಕಟ್ಟಿಕೊಟ್ಟ ವೆಂಡರ್ ಕಾಂಟ್ರಾಕ್ಟ್ ಮುಗಿಸಿ ಹೋಗ್ಯಾರ. ತಗದು ನೋಡಿದ್ರ ಎಲ್ಲಾ ವಿಎಂ ಗ್ರೂಪ್ 1ರಾಗ ಕುಂತಾವ. ನಡುವ ಒಂದು ಸ್ಕ್ರಿಪ್ಟ್ ಇಲ್ಲ, ಒಂದು ತಡಿ ಇಲ್ಲ. ಟೆಸ್ಟ್ ಫೇಲ್‌ಓವರ್, ಅಂದ್ರ ಚೆನ್ನೈದಾಗ ಎಬ್ಬಿಸಿ ನೋಡೂ ತಾಲೀಮು, ಮಾಡಿದ್ವಿ. ಎಲ್ಲಾ ವಿಎಂ 'ರನಿಂಗ್' ಅಂತ ತೋರಸ್ತು, ಲಾಗಿನ್ ಪೇಜ್ ಮಾತ್ರ ತೆರೀಲಿಲ್ಲ. ಡೇಟಾಬೇಸ್ ಏಳೂದರಾಗ ಅಪ್ಲಿಕೇಶನ್ ಸರ್ವಿಸ್ ಕಾದು ಕಾದು ಬಂದ್ ಆಗಿತ್ತು. ಆಡಿಟರ್ ರಿಪೋರ್ಟಿನ್ಯಾಗ ಬರದಾರ, ಪ್ಲಾನ್ ನಿಮ್ಮ ಅಪ್ಲಿಕೇಶನ್‌ಗೆ ತಕ್ಕಂಗ ಕಸ್ಟಮೈಸ್ ಆಗಿಲ್ಲ ಅಂತ.

ಮ್ಯಾನೇಜರ್ ಅಂತಾರ, "ಐದು ಗ್ರೂಪ್ ಮಾಡಿ ಹಂಚಿಬಿಡು." ಹಂಚೂದು ಯಾವ ಲೆಕ್ಕದಾಗ? ನಡುವ ಸ್ಕ್ರಿಪ್ಟ್ ಹಾಕೂದೋ, ಕೈಲೆ ಮಾಡೂದೋ?

ಐರೋಳಿ_ಭಟ್ರು

ನಿಮ್ಮ ವೆಂಡರ್ ಏನೂ ಕೆಡಿಸಿಲ್ಲ, ಏನೂ ಮಾಡಿಯೂ ಇಲ್ಲ. ಪ್ಲಾನ್ ತೆರೆದು ವಿಎಂ ಆರಿಸಿದ ಕೂಡಲೇ ಎಲ್ಲವೂ ಗ್ರೂಪ್ 1ಕ್ಕೆ ಬೀಳುದು ಅಲ್ಲಿಯ ಡಿಫಾಲ್ಟ್. ಅದನ್ನು ಹಾಗೆಯೇ ಸೇವ್ ಮಾಡಿ ಬಿಲ್ ಕಳಿಸಿದ್ದಾರೆ, ಅಷ್ಟೇ.

ಲೆಕ್ಕ ಹೀಗುಂಟು. ಒಂದು ಗ್ರೂಪಿನೊಳಗಿನ ಮಷಿನ್‌ಗಳೆಲ್ಲ ಒಟ್ಟಿಗೇ ಏಳುತ್ತವೆ. ಆ ಗ್ರೂಪ್ ಮುಗಿದ ಮೇಲೆ ಮುಂದಿನದ್ದು. ಅಜೂರ್‌ನಲ್ಲಿ ಏಳು ಗ್ರೂಪ್‌ಗಳವರೆಗೆ ಮಾಡಬಹುದು. ಪ್ರತಿ ಗ್ರೂಪಿನ ಮೊದಲು ಮತ್ತು ನಂತರ ಸ್ಕ್ರಿಪ್ಟ್ ಅಥವಾ ಮ್ಯಾನುವಲ್ ಆ್ಯಕ್ಷನ್ ಇಡಬಹುದು. ಆದರೆ 'ಗ್ರೂಪ್ ಮುಗಿಯಿತು' ಅಂದರೆ ವಿಎಂ ಬೂಟ್ ಆಯಿತು ಅಂತ ಮಾತ್ರ ಅರ್ಥ. ಒಳಗಿನ ಡೇಟಾಬೇಸ್ ಬಾಗಿಲು ತೆರೆಯಿತಾ ಎಂದು ಅದು ಕೇಳುದಿಲ್ಲ. ನಾನು ಬಹಳ ಕಾಲ ವಿಎಂವೇರ್‌ನ ಸೈಟ್ ರಿಕವರಿ ಮ್ಯಾನೇಜರ್ ಮೇಲೆ ಕೆಲಸ ಮಾಡಿದವ (ಈಗ ಅದರ ಹೆಸರು ಲೈವ್ ಸೈಟ್ ರಿಕವರಿ). ಅಲ್ಲಿ ಐದು ಪ್ರಯಾರಿಟಿ ಗ್ರೂಪ್, ಒಂದೇ ಗ್ರೂಪಿನೊಳಗೆ ಯಾವುದರ ನಂತರ ಯಾವುದು ಅಂತಲೂ ಕಟ್ಟಬಹುದು. ಅಲ್ಲಿಯೂ ಕಾಯುದು ವಿಎಂವೇರ್ ಟೂಲ್ಸ್‌ನ ಹೃದಯ ಬಡಿತಕ್ಕೆ. ಅಂದರೆ ಓಎಸ್ ಎದ್ದಿತಾ ಅಂತಷ್ಟೇ. ಹೋಟೆಲಿನ ಶಟರ್ ಎತ್ತಿದ ಕೂಡಲೇ ದೋಸೆ ಸಿಗುದಿಲ್ಲ ಮಾರಾಯ್ರೆ, ಕಾವಲಿ ಕಾಯಬೇಕು. ನಿಮ್ಮ ಟೆಸ್ಟ್‌ನಲ್ಲಿ ಆದದ್ದು ಅದೇ.

ಹಾಗಾಗಿ ಐದೋ ಮೂರೋ ಎಂಬುದು ಪೋರ್ಟಲ್ ಎದುರು ಕೂತು ತೀರ್ಮಾನಿಸುವ ಸಂಗತಿಯಲ್ಲ. ಮೊದಲು ಯಾವ ಮಷಿನ್ ಯಾವುದರ ಯಾವ ಪೋರ್ಟ್‌ಗೆ ಮಾತಾಡುತ್ತದೆ ಎಂದು ನೆಟ್‌ವರ್ಕ್ ಲಾಗ್‌ನಿಂದ ತೆಗೆಯಿರಿ. ಹಳೆಯ ಆರ್ಕಿಟೆಕ್ಚರ್ ಚಿತ್ರವನ್ನು ನಂಬಬೇಡಿ, ಅದರಲ್ಲಿ ಇರುವ ಅರ್ಧ ಬಾಣಗಳು ಪ್ರಾಜೆಕ್ಟ್ ಶುರುವಾಗುವಾಗ ಯಾರೋ ಆಸೆಯಿಂದ ಬರೆದವು. ತಿಂಗಳ ಕೊನೆಯ ಲಾಗ್ ಕೂಡ ನೋಡಿ, ಬಿಲ್ಲಿಂಗ್ ಜಾಬ್ ಆಗ ಮಾತ್ರ ಬಾಯಿ ತೆರೆಯುತ್ತದೆ.

ಇನ್ನೊಂದು. ಡೊಮೇನ್ ಕಂಟ್ರೋಲರ್ (ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್) ಕೂಡ ಆ ಮೂವತ್ತರಲ್ಲಿ ಉಂಟಾ?

ವಿಜಾಪುರ_ಟು_ಹಿಂಜವಡಿ

ಐತ್ರಿ ಭಟ್ರ. ಎರಡು ಅದಾವ, ಎರಡೂ ರೆಪ್ಲಿಕೇಟ್ ಆಗ್ತಾವ. ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್, ಅದೂ ವಿಎಂ ಸಮೇತ ರೆಪ್ಲಿಕೇಶನ್.

ಐರೋಳಿ_ಭಟ್ರು

ಡೊಮೇನ್ ಕಂಟ್ರೋಲರ್, ಎಸ್‌ಕ್ಯೂಎಲ್ ಎರಡನ್ನೂ ಪ್ಲಾನ್‌ನಿಂದ ಹೊರಗೆ ತೆಗೆಯುವುದು ಒಳ್ಳೆಯದು.

ಡೊಮೇನ್ ಕಂಟ್ರೋಲರ್ ತನ್ನ ರೆಪ್ಲಿಕೇಶನ್ ತಾನೇ ಮಾಡಿಕೊಳ್ಳುವ ಪ್ರಾಣಿ. ಚೆನ್ನೈಯಲ್ಲಿ ಒಂದು ಸಣ್ಣ ವಿಎಂ ಸದಾ ಎಚ್ಚರ ಇರಲಿ, ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವುದು) ಕೂಡ ಅದರ ಮೇಲೆಯೇ. ಆಗ ನಿಮ್ಮ ಗ್ರೂಪ್ 1 ಎಂಬುದು ಅನಾಹುತಕ್ಕೆ ಮೊದಲೇ ಎದ್ದು ನಿಂತಿರುತ್ತದೆ. ಟೆಸ್ಟ್‌ಗೆ ಮಾತ್ರ ಬೇರೆ ವ್ಯವಸ್ಥೆ ಬೇಕು, ಟೆಸ್ಟ್ ನೆಟ್‌ವರ್ಕ್ ಪ್ರೊಡಕ್ಷನ್‌ನಿಂದ ಕಡಿದುಹೋಗಿರುತ್ತದಲ್ಲ, ಅಲ್ಲಿಗೆ ಡೊಮೇನ್ ಕಂಟ್ರೋಲರಿನ ಒಂದು ಪ್ರತಿ ಬೇಕಾಗ್ತದೆ. ಆ ಒಂದು ಕಾರಣಕ್ಕೆ ಅದರ ರೆಪ್ಲಿಕೇಶನ್ ಇಟ್ಟುಕೊಂಡವರೂ ಇದ್ದಾರೆ.

ಎಸ್‌ಕ್ಯೂಎಲ್‌ಗೆ ಅದರದ್ದೇ ರೆಪ್ಲಿಕೇಶನ್ ಆದ ಆಲ್ವೇಸ್ ಆನ್ ಹಾಕಿ, ಚೆನ್ನೈಯಲ್ಲಿ ಅಸಿಂಕ್ರೊನಸ್ ರೆಪ್ಲಿಕಾ (ತುಸು ಹಿಂದೆ ಉಳಿದು ಬರುವ ಪ್ರತಿ) ಇಡಿ. ಲೈಸೆನ್ಸ್ ಖರ್ಚು ಉಂಟು, ಸುಳ್ಳು ಹೇಳುದಿಲ್ಲ. ಅದು ಆಗದಿದ್ದರೆ ವಿಎಂ ರೆಪ್ಲಿಕೇಶನ್‌ನಲ್ಲೇ ಇರಲಿ. ಆದರೆ ರಿಕವರಿ ಪಾಯಿಂಟ್‌ನ, ಅಂದರೆ ಯಾವ ಕ್ಷಣದ ಡಿಸ್ಕ್‌ಗೆ ಮರಳಬಹುದು ಎಂಬುದರ, ವಿಷಯ ತಿಳಿದಿರಲಿ. ಐದೈದು ನಿಮಿಷಕ್ಕೆ ಸಿಗುವುದು ಕ್ರ್ಯಾಶ್ ಕನ್ಸಿಸ್ಟೆಂಟ್, ಅಂದರೆ ಕರೆಂಟ್ ಹೋದ ಕ್ಷಣದ ಡಿಸ್ಕ್. ಅಪ್ಲಿಕೇಶನ್ ಕನ್ಸಿಸ್ಟೆಂಟ್ (ಮೆಮೊರಿಯಲ್ಲಿದ್ದದ್ದನ್ನೂ ಬರೆಸಿ ತೆಗೆದ ಪ್ರತಿ) ಬೇಕಿದ್ದರೆ ಪಾಲಿಸಿಯಲ್ಲಿ ಬೇರೆಯಾಗಿ ಹಾಕಬೇಕು.

ಖರಾಡಿ_ಕೋಡರ್

ಕ್ಷಮಿಸಿ, ಇಷ್ಟೆಲ್ಲ ಯಾಕೆ? ಇದು ಹಳೇ ಕಾಲದ ಯೋಚನೆ ಅನಿಸುತ್ತೆ. ಇನ್‌ಫ್ರಾ ಪೂರ್ತಿ ಟೆರಾಫಾರ್ಮ್ (ಸರ್ವರ್‌ಗಳನ್ನು ಕೋಡ್ ಬರೆದು ಕಟ್ಟೋ ಸಾಧನ) ಕೋಡ್‌ನಲ್ಲಿ ಇಟ್ಟರೆ ಚೆನ್ನೈನಲ್ಲಿ ಹೊಸದಾಗಿ ಎಬ್ಬಿಸಬಹುದು, ಡೇಟಾ ಮಾತ್ರ ರೆಪ್ಲಿಕೇಟ್ ಮಾಡಿದರೆ ಸಾಕು. ಅದಾಗಲ್ಲ ಅಂದರೆ ಪ್ರತಿ ಗ್ರೂಪಿನ ನಂತರ ಒಂದು ರನ್‌ಬುಕ್ (ಅಜೂರ್ ತಾನೇ ಓಡಿಸೋ ಸ್ಕ್ರಿಪ್ಟ್) ಹಾಕಿ: ಡೇಟಾಬೇಸಿನ 1433 ಪೋರ್ಟ್ ಉತ್ತರ ಕೊಡೋವರೆಗೂ ಕಾಯಬೇಕು, ಕೊಡದಿದ್ದರೆ ಎರರ್ ಎಸೆದು ಪ್ಲಾನ್ ನಿಲ್ಲಿಸಬೇಕು. ಮನುಷ್ಯರು ಮಧ್ಯೆ ಬಂದಷ್ಟೂ ತಡ. ರಾತ್ರಿ ಮೂರು ಗಂಟೆಗೆ ಮ್ಯಾನುವಲ್ ಆ್ಯಕ್ಷನ್ ಒತ್ತೋಕೆ ಯಾರು ಎದ್ದಿರ್ತಾರೆ?

ಬಿಕೆಸಿ_ಮೈಸೂರಕ್ಕ

ಕೋಡರ್ ತಮ್ಮಾ, ಪೋರ್ಟ್ ನೋಡುವ ರನ್‌ಬುಕ್ ಹಾಕಲೇಬೇಕು, ಒಪ್ಪಿದೆ. ಆದರೆ "ಎರರ್ ಎಸೆದು ಪ್ಲಾನ್ ನಿಲ್ಲಿಸಬೇಕು" ಎಂದೆಯಲ್ಲ, ಅಲ್ಲಿ ಎಡವುತ್ತೀಯ. ಮೊದಲೇ ನಿಗದಿ ಮಾಡಿದ ಪ್ಲಾನ್ಡ್ ಫೇಲ್‌ಓವರ್‌ನಲ್ಲಿ ಸ್ಕ್ರಿಪ್ಟ್ ಕೆಟ್ಟರೆ ಪ್ಲಾನ್ ನಿಲ್ಲುತ್ತದೆ. ಅನ್‌ಪ್ಲಾನ್ಡ್‌ನಲ್ಲಿ ನಿಲ್ಲುವುದಿಲ್ಲ. ಆ ಕೆಲಸ ಫೇಲ್ ಎಂದು ಕೆಂಪಗೆ ತೋರಿಸಿ ಮುಂದಿನ ಹೆಜ್ಜೆಗೆ ಹೋಗುತ್ತದೆ. ಅಂದರೆ ನಿಜವಾದ ಅನಾಹುತದ ದಿನ ನಿನ್ನ ಕಾವಲುಗಾರ "ಡೇಟಾಬೇಸ್ ಇಲ್ಲ" ಎಂದು ಕೂಗುತ್ತಿರುತ್ತಾನೆ, ಪಕ್ಕದಲ್ಲಿ ಗ್ರೂಪ್ 3 ಏಳುತ್ತಿರುತ್ತದೆ. ನಿಜವಾಗಿ ನಿಲ್ಲಿಸುವುದು ಮ್ಯಾನುವಲ್ ಆ್ಯಕ್ಷನ್ ಮಾತ್ರ. ಯಾರಾದರೂ ನೋಡಿ "ಆಯಿತು" ಎಂದು ಒತ್ತುವವರೆಗೂ ಅದು ಕಾಯುತ್ತದೆ.

ಇನ್ನು ಟೆರಾಫಾರ್ಮ್. ಹೊಸ ಅಪ್ಲಿಕೇಶನ್‌ಗೆ ಸರಿ. ವಿಜಾಪುರದವರ ಬಳಿ ಇರುವುದು ಹತ್ತು ವರ್ಷದಿಂದ ಕೈಯಲ್ಲೇ ತಿದ್ದಿದ ವಿಂಡೋಸ್ ಮಷಿನ್‌ಗಳು, ನನ್ನ ಊಹೆ. ಅದನ್ನು ಕೋಡ್‌ಗೆ ಇಳಿಸುವುದೇ ಒಂದು ಪ್ರಾಜೆಕ್ಟ್. ಆಡಿಟರ್ ಅಲ್ಲಿಯವರೆಗೆ ಕಾಯುವುದಿಲ್ಲ.

ಮ್ಯಾನುವಲ್ ಆ್ಯಕ್ಷನ್ ಎಲ್ಲಿ ಇಡಬೇಕು ಎಂಬುದಕ್ಕೆ ನನ್ನದೊಂದು ಅಳತೆ ಇದೆ. ಹಿಂದಕ್ಕೆ ತೆಗೆದುಕೊಳ್ಳಲಾಗದ ಹೆಜ್ಜೆಯ ಮುಂಚೆ ಇಡಬೇಕು, ಮತ್ತೆಲ್ಲೂ ಬೇಡ. ಭಟ್ಟರು ಹೇಳಿದ ಅಸಿಂಕ್ರೊನಸ್ ರೆಪ್ಲಿಕಾವನ್ನೇ ತೆಗೆದುಕೊಳ್ಳಿ. ಪುಣೆ ಹೋಗಿಬಿಟ್ಟಿದ್ದರೆ ಚೆನ್ನೈಯದನ್ನು ಬಲವಂತವಾಗಿ ಪ್ರೈಮರಿ ಮಾಡಬೇಕು. ಆ ಆಜ್ಞೆಯ ಹೆಸರಿನಲ್ಲೇ 'ಡೇಟಾ ನಷ್ಟಕ್ಕೆ ಒಪ್ಪಿಗೆ' ಎಂದಿದೆ. ಕೊನೆಯ ಕೆಲವು ವ್ಯವಹಾರಗಳು ಅಲ್ಲಿಗೆ ತಲುಪದೇ ಇರಬಹುದು. ಆ ಒಪ್ಪಿಗೆಯನ್ನು ಸ್ಕ್ರಿಪ್ಟ್ ಕೊಡಬಾರದು, ಹೆಸರಿರುವ ಒಬ್ಬ ಮನುಷ್ಯ ಕೊಡಬೇಕು. ರಾತ್ರಿ ಮೂರು ಗಂಟೆಗೆ ಎಬ್ಬಿಸಿಯಾದರೂ ಸರಿ.

ಖರಾಡಿ_ಕೋಡರ್

ಅನ್‌ಪ್ಲಾನ್ಡ್‌ನಲ್ಲಿ ಮುಂದುವರಿಯುತ್ತೆ ಅನ್ನೋದು ಗೊತ್ತಿರಲಿಲ್ಲ ಅಕ್ಕಾ. ಆದರೂ ಆರ್‌ಟಿಒ (ಎಷ್ಟು ಹೊತ್ತಿನೊಳಗೆ ಮತ್ತೆ ನಡೀಬೇಕು ಅನ್ನೋ ಗುರಿ) ಒಂದು ಗಂಟೆ ಅಂತ ಬರೆದುಕೊಟ್ಟಿರುವಾಗ ಮನುಷ್ಯನಿಗೆ ಕಾಯೋದು ಅಂದರೆ...

ಬಿಕೆಸಿ_ಮೈಸೂರಕ್ಕ

ಆ ಒಂದು ಗಂಟೆ ಯಾವಾಗಿನಿಂದ? ಇದನ್ನು ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಪೋರ್ಟಲ್ ತೋರಿಸುವುದು ಬಟನ್ ಒತ್ತಿದ ಮೇಲಿನ ನಿಮಿಷಗಳನ್ನು. ಒತ್ತಬೇಕೋ ಬೇಡವೋ ಎಂದು ಹತ್ತು ಜನ ಕಾನ್ಫರೆನ್ಸ್ ಕಾಲ್‌ನಲ್ಲಿ ಕೂತ ನಿಮಿಷಗಳು ಎಲ್ಲಿಯೂ ದಾಖಲಾಗುವುದಿಲ್ಲ.

ನಮ್ಮ ಮುಂಬೈಯದೇ ಉದಾಹರಣೆ. 24 ಫೆಬ್ರವರಿ 2021ರಂದು ಎನ್‌ಎಸ್‌ಇ ವಹಿವಾಟು ಸುಮಾರು ನಾಲ್ಕು ಗಂಟೆ ನಿಂತಿತು. ಚೆನ್ನೈಯಲ್ಲಿ ಡಿಆರ್ (ಅನಾಹುತಕ್ಕೆಂದು ಇಟ್ಟ ಬದಲಿ) ಸೈಟ್ ಇದ್ದೂ ಅಂದು ಅಲ್ಲಿಗೆ ಹೋಗಲಿಲ್ಲ. ಮರುತಿಂಗಳೇ ಸೆಬಿ ಸುತ್ತೋಲೆ ಬಂತು. ಷೇರು ವಿನಿಮಯ ಕೇಂದ್ರ, ಕ್ಲಿಯರಿಂಗ್ ಕಾರ್ಪೊರೇಷನ್, ಡಿಪಾಸಿಟರಿಗಳಿಗೆ ತೊಂದರೆ ಕಂಡ 30 ನಿಮಿಷದೊಳಗೆ ಅನಾಹುತ ಘೋಷಿಸಬೇಕು, ಘೋಷಿಸಿದ 45 ನಿಮಿಷದೊಳಗೆ ಡಿಆರ್‌ನಿಂದ ನಡೆಯಬೇಕು. ಎರಡು ಗಡಿಯಾರ, ಗಮನಿಸಿ. ಘೋಷಣೆಗೇ ಒಂದು ಗಡಿಯಾರ ಇಟ್ಟದ್ದು ಅದರಲ್ಲಿನ ಜಾಣತನ ಎಂದು ನನಗೆ ಅನಿಸುತ್ತದೆ. ಆಮೇಲೆ 2024ರಲ್ಲಿ ಮಾರ್ಚ್ 2 ಮತ್ತು ಮೇ 18, ಎರಡು ಶನಿವಾರ ವಿಶೇಷ ವಹಿವಾಟು ನಡೆಸಿ, ಮೊದಲ ಅವಧಿ ಮುಖ್ಯ ಸೈಟ್‌ನಿಂದ, ಎರಡನೆಯದು ಡಿಆರ್‌ನಿಂದ ಓಡಿಸಿದರು. ನಿಜವಾದ ದುಡ್ಡಿನಲ್ಲಿ, ನಿಜವಾದ ಆರ್ಡರ್‌ಗಳಲ್ಲಿ.

ನಮ್ಮ ಆಫೀಸಿನಲ್ಲಿ ಬ್ಯಾಂಕಿಂಗ್ ಕೆಲಸ, ಆರ್‌ಬಿಐ ನಿಯಮದಂತೆ ಮುಖ್ಯ ವ್ಯವಸ್ಥೆಗಳಿಗೆ ಆರು ತಿಂಗಳಿಗೊಮ್ಮೆಯಾದರೂ ಡ್ರಿಲ್. ಹಾಗಾಗಿ ಪ್ಲಾನ್‌ನ ಮೊದಲ ಹೆಜ್ಜೆಯೇ ಮ್ಯಾನುವಲ್ ಆ್ಯಕ್ಷನ್: ಘೋಷಿಸಿದವರು ಯಾರು, ಎಷ್ಟು ಗಂಟೆಗೆ, ಟಿಕೆಟ್ ನಂಬರ್ ಏನು. ತಾಂತ್ರಿಕವಾಗಿ ಅದಕ್ಕೆ ಏನೂ ಕೆಲಸವಿಲ್ಲ. ಆದರೆ ಆಮೇಲೆ ಯಾರೂ "ನನ್ನನ್ನು ಕೇಳಲಿಲ್ಲ" ಎನ್ನುವ ಹಾಗಿಲ್ಲ.

ವಿಜಾಪುರ_ಟು_ಹಿಂಜವಡಿ

ಅಕ್ಕಾರ, ಊಹೆ ಖರೆ ಐತಿ. ಕೈಲೆ ತಿದ್ದಿದ ವಿಂಡೋಸ್ ಮಷಿನ್‌ಗಳ ರಾಶಿ ನಮ್ದು.

ಒಂದು ಅನುಮಾನ. ಆಲ್ವೇಸ್ ಆನ್ ಮಾಡಿದ್ರ ಟೆಸ್ಟ್ ಫೇಲ್‌ಓವರ್ ಹ್ಯಾಂಗ? ಟೆಸ್ಟ್ ಒತ್ತಿದಾಗ ಖರೇ ಡೇಟಾಬೇಸ್ ಚೆನ್ನೈಗೆ ಹೋದ್ರ ಚಾಕಣದಾಗ ಲಾರಿ ನಿಲ್ತಾವ!

ಐರೋಳಿ_ಭಟ್ರು

ಒಳ್ಳೆಯ ಪ್ರಶ್ನೆ, ಬಹಳ ಜನ ಇಲ್ಲಿಯೇ ಸಿಕ್ಕಿಬೀಳುದು. ಆಲ್ವೇಸ್ ಆನ್‌ಗೆ ಟೆಸ್ಟ್ ಎಂಬ ಅವಸ್ಥೆಯೇ ಇಲ್ಲ. ಇತ್ತ ಅಥವಾ ಅತ್ತ, ಎರಡೇ. ಹಾಗಾಗಿ ಚೆನ್ನೈಯ ಎಸ್‌ಕ್ಯೂಎಲ್ ವಿಎಂಗೆ ಅಜೂರ್ ಬ್ಯಾಕಪ್ ಹಾಕಿಡುದು, ಡ್ರಿಲ್‌ಗೆ ಮೊದಲು ಆ ಬ್ಯಾಕಪ್‌ನಿಂದ ಟೆಸ್ಟ್ ನೆಟ್‌ವರ್ಕ್‌ನಲ್ಲಿ ಒಂದು ಪ್ರತಿ ಎಬ್ಬಿಸುದು, ಆಮೇಲೆ ಉಳಿದ ವಿಎಂಗಳ ಟೆಸ್ಟ್ ಫೇಲ್‌ಓವರ್.

ಪ್ಲಾನ್‌ನಲ್ಲಿ ಡೇಟಾಬೇಸ್ ಫೇಲ್‌ಓವರ್ ಸ್ಕ್ರಿಪ್ಟ್ ಗ್ರೂಪ್ 1ರ ಮೊದಲು ಇರ್ತದಲ್ಲ, ಅದು ಟೆಸ್ಟ್‌ನಲ್ಲಿ ಸುಮ್ಮನೆ ವಾಪಸ್ ಹೋಗಬೇಕು. ಅದಕ್ಕೆ ದಾರಿ ಉಂಟು. ಪ್ಲಾನ್ ಓಡುವಾಗ ಪ್ರತಿ ರನ್‌ಬುಕ್‌ಗೆ ರಿಕವರಿಪ್ಲಾನ್‌ಕಾಂಟೆಕ್ಸ್ಟ್ ಎಂಬ ಒಂದು ಕಟ್ಟು ಕೊಡ್ತದೆ. ಅದರೊಳಗೆ ಪ್ಲಾನಿನ ಹೆಸರು, ಇದು ಟೆಸ್ಟಾ ಪ್ಲಾನ್ಡಾ ಅನ್‌ಪ್ಲಾನ್ಡಾ, ದಿಕ್ಕು ಯಾವುದು, ಯಾವ ಗ್ರೂಪ್, ಯಾವ ಯಾವ ವಿಎಂ, ಎಲ್ಲ ಇರ್ತದೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಟೆಸ್ಟ್ ಆದರೆ ಹೊರಗೆ ಹೋಗು ಎಂದು ಬರೆಯಿರಿ. ದಿಕ್ಕನ್ನೂ ನೋಡಿ. ಚೆನ್ನೈಯಿಂದ ಪುಣೆಗೆ ವಾಪಸ್ ಬರುವಾಗಲೂ ಇದೇ ಪ್ಲಾನ್, ಇದೇ ಸ್ಕ್ರಿಪ್ಟ್ ಓಡುದು. ದಿಕ್ಕು ನೋಡದ ಸ್ಕ್ರಿಪ್ಟ್ ಪುಣೆಗೆ ಬಂದ ಮೇಲೂ ಡಿಎನ್‌ಎಸ್ ಅನ್ನು ಚೆನ್ನೈ ಕಡೆಗೇ ತಿರುಗಿಸಿಬಿಡ್ತದೆ.

ವೆರ್ಣಾ_ಕಾರವಾರ

ಗೋವಾದಿಂದ ನಾನೂ ಸೇರಿಕೊಳ್ಳುತ್ತೇನೆ. ನಮ್ಮದು ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಔಷಧಿ ಕಾರ್ಖಾನೆ. ಐಟಿಯಲ್ಲಿ ನಾವು ಇಬ್ಬರೇ. ಪ್ಲಾಂಟ್‌ನಲ್ಲಿ ವಿಎಂವೇರ್, ಡಿಆರ್ ಅಜೂರ್ ಪುಣೆ.

ನೀವೆಲ್ಲ ವಿಎಂ ಏಳುವ ಕ್ರಮ ಮಾತಾಡುತ್ತಿದ್ದೀರಿ. ಕ್ರಮ ನಮಗೆ ಒಂದು ಮಧ್ಯಾಹ್ನದಲ್ಲಿ ಬಗೆಹರಿಯಿತು. ಬಗೆಹರಿಯದೇ ಕಾಡಿದ್ದು ವಿಎಂ ಹೊರಗಿನವು. ಡ್ರಿಲ್‌ನಲ್ಲಿ ಎಲ್ಲ ಎದ್ದಿತು, ಲೇಬಲ್ ಪ್ರಿಂಟ್ ಮಾಡುವ ಸಾಫ್ಟ್‌ವೇರ್ "ಲೈಸೆನ್ಸ್ ಇಲ್ಲ" ಎಂದಿತು. ಅದರ ಲೈಸೆನ್ಸ್ ನೆಟ್‌ವರ್ಕ್ ಕಾರ್ಡಿನ ವಿಳಾಸಕ್ಕೆ ಕಟ್ಟಿದ್ದು, ಅಜೂರ್‌ನಲ್ಲಿ ಎದ್ದ ಮಷಿನ್‌ಗೆ ಕಾರ್ಡ್ ಹೊಸದು. ವೆಂಡರ್‌ಗೆ ಮೇಲ್ ಹಾಕಿದರೆ ಉತ್ತರ ಬಂದದ್ದು ಸೋಮವಾರ. ಲೇಬಲ್ ಇಲ್ಲದೆ ಔಷಧಿ ಗೇಟ್ ದಾಟುವುದಿಲ್ಲ, ಹಾಗಾಗಿ ನಮ್ಮ ಮಟ್ಟಿಗೆ ಆ ಡ್ರಿಲ್ ಫೇಲ್. ಪೋರ್ಟಲ್ ಪ್ರಕಾರ ನೂರಕ್ಕೆ ನೂರು ಪಾಸ್. ಈಗ ಡಿಆರ್‌ಗೇ ಬೇರೆ ಲೈಸೆನ್ಸ್ ಬರೆಸಿಕೊಂಡು, ಆ ಕೀ ಹಾಕುವುದನ್ನು ಗ್ರೂಪಿನ ನಂತರದ ಸ್ಕ್ರಿಪ್ಟ್ ಮಾಡಿದ್ದೇವೆ.

ಎರಡನೆಯದು ಐಪಿ. ಬ್ಯಾಂಕು, ಪೇಮೆಂಟ್ ಗೇಟ್‌ವೇ, ಜಿಎಸ್‌ಟಿ ಇ-ಇನ್‌ವಾಯ್ಸ್ ಮಾಡಿಕೊಡುವ ಮಧ್ಯವರ್ತಿ, ಹೀಗೆ ನಮ್ಮ ಹೊರಹೋಗುವ ಐಪಿಯನ್ನು ಪಟ್ಟಿಯಲ್ಲಿ ಸೇರಿಸಿಕೊಂಡು ಬಿಡುವವರು ಎಷ್ಟು ಜನ ಇದ್ದಾರೆ ಎಂದು ಒಮ್ಮೆ ಎಣಿಸಿ ನೋಡಿ. ಡಿಆರ್‌ನ ಪಬ್ಲಿಕ್ ಐಪಿಯನ್ನು ಇವತ್ತೇ ರಿಸರ್ವ್ ಮಾಡಿ ಇವತ್ತೇ ಅವರ ಪಟ್ಟಿಗೆ ಸೇರಿಸಿ. ಅನಾಹುತದ ದಿನ ಅವರ ಹೆಲ್ಪ್‌ಡೆಸ್ಕ್ "ಎರಡು ಕೆಲಸದ ದಿನ" ಎನ್ನುತ್ತದೆ.

ಮೂರನೆಯದು, ಪ್ಲಾನ್ ದಾಖಲೆ ಎಲ್ಲಿದೆ? ನಮ್ಮದು ಫೈಲ್ ಸರ್ವರ್‌ನಲ್ಲಿತ್ತು. ಫೈಲ್ ಸರ್ವರ್ ಗ್ರೂಪ್ 4ರಲ್ಲಿತ್ತು. ಈಗ ಪ್ರಿಂಟ್ ಹಾಕಿ ಸೆಕ್ಯೂರಿಟಿ ಕ್ಯಾಬಿನ್‌ನಲ್ಲೂ ಒಂದು ಪ್ರತಿ.

ವಿಜಾಪುರ_ಟು_ಹಿಂಜವಡಿ

ಇದು ಬಾಳ ಉಪಯೋಗ ಆತ್ರಿ. ನಮ್ದೂ ಬ್ಯಾಂಕ್ ಐಪಿ ಕಥಿ ಐತಿ, ಯಾರೂ ಯೋಚನೆ ಮಾಡಿಲ್ಲ.

ಮತ್ತೊಂದು ಸಿಕ್ಕೇತಿ. ವೆಂಡರ್ ಬಿಟ್ಟುಹೋದ ಆಟೊಮೇಷನ್ ಅಕೌಂಟಿನ್ಯಾಗ ಒಂದು ಹಳೆ ರನ್‌ಬುಕ್ ಐತಿ, ಲೋಡ್ ಬ್ಯಾಲೆನ್ಸರ್‌ಗೆ (ಬರೂ ಮಂದಿನ್ನ ಸರ್ವರ್‌ಗಳಿಗೆ ಹಂಚೂದು) ವಿಎಂ ಜೋಡಿಸೂದು. ಪ್ಲಾನಿಗೆ ಕಟ್ಟಿಲ್ಲ. ಓಡಿಸಿ ನೋಡಿದ್ರ ಲಾಗಿನ್ ಎರರ್ ಕೊಡ್ತೈತಿ. ರನ್ ಆ್ಯಸ್ ಅಂತ ಏನೋ ಹುಡುಕ್ತೈತಿ.

ಬಿಕೆಸಿ_ಮೈಸೂರಕ್ಕ

ರನ್‌ಬುಕ್ ಲಾಗಿನ್ ಆಗಲು ಬಳಸುತ್ತಿದ್ದ ರನ್ ಆ್ಯಸ್ ಅಕೌಂಟ್‌ಗಳನ್ನು ಮೈಕ್ರೋಸಾಫ್ಟ್ 30 ಸೆಪ್ಟೆಂಬರ್ 2023ಕ್ಕೆ ನಿವೃತ್ತಿ ಮಾಡಿತು. ಒಳಗೆ ಹೆಸರಿನಲ್ಲಿ ಅಜೂರ್‌ಆರ್‌ಎಂ ಎಂದಿರುವ ಆಜ್ಞೆಗಳಿದ್ದರೆ ಆ ಮಾಡ್ಯೂಲ್‌ಗೂ 29 ಫೆಬ್ರವರಿ 2024ಕ್ಕೆ ಮಂಗಳ. ಅದರ ಬದಲು ಮ್ಯಾನೇಜ್ಡ್ ಐಡೆಂಟಿಟಿ (ಪಾಸ್‌ವರ್ಡ್ ಇಲ್ಲದ ಅಜೂರ್ ಗುರುತು) ಹಾಕಿ, ಬೇಕಾದಷ್ಟೇ ಅನುಮತಿ ಕೊಟ್ಟು, ಎಝಡ್ ಮಾಡ್ಯೂಲ್‌ನಲ್ಲಿ ಹೊಸದಾಗಿ ಬರೆಯಿರಿ. ತಿದ್ದುವುದಕ್ಕಿಂತ ಬೇಗ ಆಗುತ್ತದೆ.

ಆ ಆಟೊಮೇಷನ್ ಅಕೌಂಟ್ ಯಾವ ರೀಜನ್‌ನಲ್ಲಿದೆ?

ವಿಜಾಪುರ_ಟು_ಹಿಂಜವಡಿ

ಪುಣೆದಾಗ ಐತ್ರಿ.

ಬಿಕೆಸಿ_ಮೈಸೂರಕ್ಕ

ಅಲ್ಲಿಗೆ ಸರಿಹೋಯಿತು! ಪುಣೆ ಬಿದ್ದ ದಿನ ಪುಣೆಯಲ್ಲಿರುವ ಸ್ಕ್ರಿಪ್ಟ್ ಓಡಬೇಕಂತೆ. ಚೆನ್ನೈಗೆ ಸಾಗಿಸಿ. ಸೈಟ್ ರಿಕವರಿಯ ಸೆಟ್ಟಿಂಗ್ ಇರುವ ರಿಕವರಿ ವಾಲ್ಟ್ ಅನ್ನು ಮೂಲ ರೀಜನ್‌ನಲ್ಲಿ ಇಡಲು ಅಜೂರ್ ಬಿಡುವುದೇ ಇಲ್ಲ, ಸ್ಕ್ರಿಪ್ಟ್ ವಿಷಯದಲ್ಲಿ ಆ ಎಚ್ಚರ ನಮ್ಮ ಕೈಯಲ್ಲಿ. ಪಾಸ್‌ವರ್ಡ್ ಇರುವ ಕೀ ವಾಲ್ಟ್‌ನದೂ ನೋಡಿಕೊಳ್ಳಿ.

ಐರೋಳಿ_ಭಟ್ರು

ಕೋಟಾ ಕೂಡ. ಸೈಟ್ ರಿಕವರಿ ಡಿಸ್ಕ್ ಮಾತ್ರ ಸಾಗಿಸುದು, ಆ ಕಡೆ ನಿಮಗಾಗಿ ಸಿಪಿಯು ಕಾದಿಟ್ಟಿರುದಿಲ್ಲ. ಸೌತ್ ಇಂಡಿಯಾದಲ್ಲಿ ನಿಮ್ಮ ವಿಎಂ ಸೈಜ್ ಸಿಗ್ತದಾ, ಕೋರ್ ಕೋಟಾ ಸಾಕಾ ಎಂದು ಇವತ್ತು ನೋಡಿ, ಬೇಕಿದ್ದರೆ ಇವತ್ತೇ ಅರ್ಜಿ ಹಾಕಿ. ಪುಣೆ ರೀಜನ್ ಪೂರ್ತಿ ಹೋದರೆ ಚೆನ್ನೈ ಬಾಗಿಲಲ್ಲಿ ನೀವೊಬ್ಬರೇ ಇರುದಿಲ್ಲ. ಅತಿ ಮುಖ್ಯವಾದ ನಾಲ್ಕೈದು ಮಷಿನ್‌ಗೆ ಕೆಪಾಸಿಟಿ ರಿಸರ್ವೇಶನ್ ಮಾಡಿದರೆ ತಪ್ಪಿಲ್ಲ. ದುಡ್ಡು ಪ್ರತಿ ತಿಂಗಳೂ ಹೋಗ್ತದೆ, ಅದು ಮ್ಯಾನೇಜರ್ ಸಹಿ ಹಾಕುವ ವಿಷಯ.

ಖರಾಡಿ_ಕೋಡರ್

ಚೆನ್ನೈ ಬದಲು ಮುಂಬೈ ಯಾಕಾಗಬಾರದು? ವೆಸ್ಟ್ ಇಂಡಿಯಾ ರೀಜನ್ ಇದೆ, ನೂರೈವತ್ತು ಕಿಲೋಮೀಟರ್, ಲೇಟೆನ್ಸಿ ಕಡಿಮೆ.

ಐರೋಳಿ_ಭಟ್ರು

ಹತ್ತಿರ ಇರುದೇ ತೊಂದರೆ. ಒಂದೇ ಮಳೆಗಾಲ, ಒಂದೇ ರಾಜ್ಯದ ವಿದ್ಯುತ್ ಜಾಲ. 26 ಜುಲೈ 2005ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಬಿದ್ದದ್ದು ಗೊತ್ತಲ್ಲ. 12 ಅಕ್ಟೋಬರ್ 2020ರಂದು ಬೆಳಿಗ್ಗೆ ಮುಂಬೈ, ಠಾಣೆ, ನವಿ ಮುಂಬೈ ಕರೆಂಟ್ ಒಟ್ಟಿಗೇ ಹೋಯಿತು, ಲೋಕಲ್ ರೈಲು ನಿಂತಿತು. ಡೇಟಾ ಸೆಂಟರಿಗೆ ಜನರೇಟರ್ ಇರ್ತದೆ. ಮನೆಯಿಂದ ಕೆಲಸ ಮಾಡುತ್ತಿದ್ದವರ ಹತ್ತಿರ ಎಲ್ಲಿ? ಚೆನ್ನೈಗೂ ಡಿಸೆಂಬರ್ 2015ರ ಪ್ರವಾಹ, 2023ರ ಮಿಚಾಂಗ್ ಚಂಡಮಾರುತ ಬಂದು ಹೋಗಿವೆ, ಅದು ಸುರಕ್ಷಿತ ಊರು ಎಂದು ಹೇಳುದಿಲ್ಲ. ಆದರೆ ಎರಡೂ ಊರು ಒಂದೇ ದಿನ ಮುಳುಗುದು ಕಷ್ಟ. ಮತ್ತೆ ಪುಣೆ ರೀಜನ್‌ನ ಜೋಡಿ ಅಜೂರ್ ಲೆಕ್ಕದಲ್ಲಿ ಚೆನ್ನೈಯೇ.

ಜನರ ವಿಷಯ ಬಂತು, ಹೇಳಿಬಿಡ್ತೇನೆ. ಪ್ಲಾನ್‌ನಲ್ಲಿ ಬಟನ್ ಒತ್ತುವವರು ಮೂವರಿದ್ದರೆ ಮೂವರೂ ಪುಣೆಯಲ್ಲಿ ಇರಬಾರದು. ಗಣಪತಿ ವಿಸರ್ಜನೆಯ ದಿನ ಲಕ್ಷ್ಮೀ ರೋಡಿನ ಒಳಗೆ ಮನೆ ಇದ್ದವ ಹಿಂಜವಡಿಗೆ ತಲುಪುದು ಹೇಗೆ? ಒಬ್ಬರು ಬೇರೆ ಊರಿನವರಿರಲಿ, ಅವರಿಗೆ ಅನುಮತಿ ಮೊದಲೇ ಕೊಟ್ಟಿರಲಿ.

ವಿಜಾಪುರ_ಟು_ಹಿಂಜವಡಿ

ನಮ್ಮ ಹುಡುಗ ಒಬ್ಬ ಧಾರವಾಡದಿಂದ ಮನಿಯಾಗ ಕುಂತ ಕೆಲಸಾ ಮಾಡ್ತಾನ, ಅವನ ಹೆಸರು ಹಾಕ್ತೀನಿ.

ಹಿಂಗ ಮಾಡೂದು ಅಂತ ಬರಕೊಂಡೀನಿ, ತಪ್ಪಿದ್ರ ತಿದ್ರಿ. ಚೆನ್ನೈದಾಗ ಒಂದು ಡೊಮೇನ್ ಕಂಟ್ರೋಲರ್ ಕಾಯಂ. ಪ್ಲಾನಿನ ಮೊದಲಿಗೆ ಘೋಷಣೆ ಮಾಡಿದವರ ಹೆಸರಿನ ಮ್ಯಾನುವಲ್ ಆ್ಯಕ್ಷನ್. ಎಸ್‌ಕ್ಯೂಎಲ್ ಸದ್ಯಕ್ಕ ವಿಎಂ ರೆಪ್ಲಿಕೇಶನ್ನ, ರೊಕ್ಕ ಮಂಜೂರಾದ್ರ ಆಲ್ವೇಸ್ ಆನ್. ಗ್ರೂಪ್ 1 ಡೇಟಾಬೇಸ್ ಮತ್ತ ಮೆಸೇಜ್ ಕ್ಯೂ (ಸರ್ವಿಸ್‌ಗಳ ನಡುವಿನ ಸಂದೇಶದ ಸಾಲು), ಅದರ ನಂತರ ಪೋರ್ಟ್ ನೋಡೂ ರನ್‌ಬುಕ್, ಅದರ ಬೆನ್ನಿಗೆ ಮ್ಯಾನುವಲ್ ಆ್ಯಕ್ಷನ್. ಗ್ರೂಪ್ 2 ಅಪ್ಲಿಕೇಶನ್. ಗ್ರೂಪ್ 3 ವೆಬ್, ಆಮ್ಯಾಲ ಲೋಡ್ ಬ್ಯಾಲೆನ್ಸರ್, ಡಿಎನ್‌ಎಸ್. ರಿಪೋರ್ಟ್ ಸರ್ವರ್, ಟೆಸ್ಟ್ ಮಷಿನ್ ಬ್ಯಾರೆ ಪ್ಲಾನಿಗೆ, ಮರುದಿನ ಎಬ್ಬಿಸಿದ್ರೂ ನಡೀತೈತಿ. ಎಲ್ಲಾ ವಿಎಂಗೂ ಮಲ್ಟಿ-ವಿಎಂ ಕನ್ಸಿಸ್ಟೆನ್ಸಿ (ಎಲ್ಲಾದರ ನಕಲು ಒಂದ ಕ್ಷಣದ್ದು ಇರೂದು) ಹಚ್ಚಬೇಕು ಅಂತ ಮಾಡೀನಿ.

ಬಿಕೆಸಿ_ಮೈಸೂರಕ್ಕ

ಮೂರು ಗ್ರೂಪ್ ಸಾಕು, ಐದರ ಹಟ ಬೇಡವೆಂದು ಮ್ಯಾನೇಜರಿಗೆ ಹೇಳಿ. ಮಲ್ಟಿ-ವಿಎಂ ಕನ್ಸಿಸ್ಟೆನ್ಸಿ ಎಲ್ಲಕ್ಕೂ ಬೇಡ. ಒಂದು ಗುಂಪಿಗೆ 16 ವಿಎಂ ಮಿತಿ, ಅವು 20004 ಪೋರ್ಟ್‌ನಲ್ಲಿ ಪರಸ್ಪರ ಮಾತಾಡಬೇಕು, ಒಟ್ಟಿಗೇ ನಿಂತು ಫೋಟೋ ತೆಗೆಸಿಕೊಳ್ಳುವುದರಿಂದ ವೇಗಕ್ಕೂ ಪೆಟ್ಟು. ಡೇಟಾಬೇಸ್ ಮತ್ತು ಕ್ಯೂ ಮಾತ್ರ ಒಂದೇ ಕ್ಷಣದವು ಆಗಿರಬೇಕು, ಅವೆರಡಕ್ಕೆ ಹಾಕಿ.

ಮತ್ತೆ ಒತ್ತುವಾಗ ಯಾವ ರಿಕವರಿ ಪಾಯಿಂಟ್ ಎಂದು ಕೇಳುತ್ತದೆ. 'ಲೇಟೆಸ್ಟ್' ಅಂದರೆ ತಲುಪಿದ ಡೇಟಾವನ್ನೆಲ್ಲ ಸಂಸ್ಕರಿಸಿ ಆಮೇಲೆ ಎಬ್ಬಿಸುತ್ತದೆ, ನಷ್ಟ ಕಡಿಮೆ, ಸಮಯ ಹೆಚ್ಚು. 'ಲೇಟೆಸ್ಟ್ ಪ್ರೊಸೆಸ್ಡ್' ಅದಕ್ಕೆ ತಿರುಗುಮುರುಗು. ರ‍್ಯಾನ್ಸಮ್‌ವೇರ್ ಆದರೆ ಎರಡೂ ಕೆಲಸಕ್ಕೆ ಬಾರವು, ಬೀಗ ಬಿದ್ದ ಡಿಸ್ಕ್ ಹಾಗೆಯೇ ಚೆನ್ನೈಗೂ ಹೋಗಿರುತ್ತದೆ, ಹಿಂದಿನ ಪಾಯಿಂಟ್ ಬೇಕು. ಅದಕ್ಕೆ ರಿಟೆನ್ಷನ್ (ಹಳೆಯ ಪಾಯಿಂಟ್ ಉಳಿಸುವ ಅವಧಿ) ಅನ್ನು ಡಿಫಾಲ್ಟ್ ಒಂದು ದಿನದಲ್ಲೇ ಬಿಡಬೇಡಿ, 15 ದಿನದವರೆಗೆ ಇಡಬಹುದು. ಯಾವ ಸಂದರ್ಭಕ್ಕೆ ಯಾವುದು ಎಂದು ಮ್ಯಾನುವಲ್ ಆ್ಯಕ್ಷನ್‌ನ ವಿವರಣೆಯಲ್ಲಿ ಬರೆದರೆ ಆಗದು, ಅಷ್ಟರಲ್ಲಿ ಒತ್ತಿ ಆಗಿರುತ್ತದೆ. ವೆರ್ಣಾದವರು ಹೇಳಿದ ಪ್ರಿಂಟ್ ಹಾಳೆಯಲ್ಲೇ ಇರಲಿ.

ವೆರ್ಣಾ_ಕಾರವಾರ

ಡ್ರಿಲ್ ಪಾಸ್ ಎನ್ನುವುದನ್ನು ಐಟಿಯವರು ಹೇಳಬಾರದು ಎಂದೂ ಸೇರಿಸಿ. ಡಿಸ್ಪ್ಯಾಚ್ ವಿಭಾಗದ ಒಬ್ಬರನ್ನು ಕೂರಿಸಿ ಒಂದು ಆರ್ಡರ್ ಹಾಕಿಸಿ, ಒಂದು ಚಲನ್ ತೆಗೆಸಿ. ಟೆಸ್ಟ್ ನೆಟ್‌ವರ್ಕ್‌ನಿಂದ ಹೊರಗೆ ಇಮೇಲ್, ಎಸ್‌ಎಂಎಸ್ ಹೋಗದಂತೆ ಮೊದಲು ಮುಚ್ಚಿ. ಇಲ್ಲದಿದ್ದರೆ ಗ್ರಾಹಕರಿಗೆ ಹಳೇ ಆರ್ಡರ್‌ಗಳ ಮೆಸೇಜ್ ಇನ್ನೊಮ್ಮೆ ಹೋಗುತ್ತದೆ.

ವಿಜಾಪುರ_ಟು_ಹಿಂಜವಡಿ

ಶನಿವಾರ ಡ್ರಿಲ್ ಇಟ್ಟೀವಿ. ಡಿಸ್ಪ್ಯಾಚ್‌ನ ಮಾಂವಶಿ ಒಬ್ಬಾಕಿ ಬರ್ತೀನಿ ಅಂದಾಳ, ನಾಷ್ಟಾ ಕೊಡಸ್ಬೇಕಂತ. ಟೆಸ್ಟ್ ಮುಗದ ಮ್ಯಾಲ ಆ ವಿಎಂಗಳನ್ನ ನಾ ಒಂದೊಂದ ಅಳಸ್ಬೇಕೇನ್ರಿ?

ಐರೋಳಿ_ಭಟ್ರು

ಬೇಡ. ಪ್ಲಾನ್ ಮೇಲೆಯೇ 'ಕ್ಲೀನಪ್ ಟೆಸ್ಟ್ ಫೇಲ್‌ಓವರ್' ಉಂಟು, ಟಿಪ್ಪಣಿ ಬರೆದು ಒತ್ತಿದರೆ ಟೆಸ್ಟ್ ವಿಎಂ ಎಲ್ಲ ಅದೇ ಅಳಿಸ್ತದೆ. ಅದು ಒತ್ತುವವರೆಗೆ ಬಿಲ್ ಓಡ್ತಾ ಇರ್ತದೆ. ಎಸ್‌ಕ್ಯೂಎಲ್‌ನದ್ದು ಬ್ಯಾಕಪ್‌ನಿಂದ ಎಬ್ಬಿಸಿದ್ದಾದರೆ ಅದನ್ನು ಮಾತ್ರ ಕೈಯಲ್ಲಿ ಅಳಿಸಿ, ಕ್ಲೀನಪ್‌ಗೆ ಅದರ ಲೆಕ್ಕ ಇಲ್ಲ.